ಸುರಭಿಗೆ ಏಕಾದಶಿ ಬೇಡ

ಚೆನ್ನೈನ ತಿರುವಲ್ಲಿಕ್ಕೇಣಿಯಲ್ಲಿ ಮಧ್ವರಾಜರ ಹಿತ್ತಲಿನಲ್ಲಿ ಸುರಭಿ ಎಂಬ ಹಸು ಇತ್ತು. ಬಂದರಿನ ಆಫೀಸಿನಿಂದ ನಿವೃತ್ತರಾದ ಮೇಲೆ, ದೇವರ ಅಭಿಷೇಕಕ್ಕೆ ಮನೆಯ ಹಾಲೇ ಆಗಬೇಕೆಂದು ಅವರು ತಂದ ಹಸು. ತಂದದ್ದೇನೋ ಅವರೇ. ಸಗಣಿ ಬಾಚಿ, ಮೈ ತೊಳೆದು, ಹಾಲು ಕರೆದು ಸಾಕಿದವರು ಮಾತ್ರ ಹೆಂಡತಿ ತುಂಗಮ್ಮ.

ಈಚೆಗೆ ಸುರಭಿಯ ಹಾಲು ಇಳಿಯುತ್ತಲೇ ಇತ್ತು. ಎರಡು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲಲಿಲ್ಲ.

"ಇದು ಗೊಡ್ಡು ಕಣೇ. ಇನ್ನೊಂದೇ ಸಲ ನೋಡೋಣ. ಆಗ್ಲಿಲ್ಲಾಂದ್ರೆ ಗೋಶಾಲೆಗೆ ಬಿಟ್ಟುಬಿಡೋದೇ" ಎಂದರು ಮಧ್ವರಾಜರು.

ತುಂಗಮ್ಮ ಸುರಭಿಯನ್ನು ಬಿಡಲು ಸಿದ್ಧರಿರಲಿಲ್ಲ. ಮಾರನೆಯ ದಿನವೇ ಅವರು ಎದುರುಮನೆಯ ಮಹಡಿಗೆ ಹೊಸದಾಗಿ ಬಂದಿದ್ದ ಪಶುವೈದ್ಯೆ ಅನಸೂಯ ಅವರನ್ನು ಕರೆತಂದರು. ಅನಸೂಯ ಮಂಡ್ಯದ ಕಡೆಯವರು.

ಅಂದು ದ್ವಾದಶಿ. ಹಿತ್ತಲಲ್ಲಿ ಜಾತ್ರೆಯೋ ಜಾತ್ರೆ! ಪಾರಣೆಗೆ ಕೂರುವ ಮೊದಲು ಗೋಗ್ರಾಸ ಕೊಡಬೇಕೆಂದು ಬೀದಿಯವರೆಲ್ಲ ತಟ್ಟೆ ಹಿಡಿದು ನಿಂತಿದ್ದರು. ಒಬ್ಬರದು ಅನ್ನ, ಒಬ್ಬರದು ಪಾಯಸ, ಇನ್ನೊಬ್ಬರದು ಸಿಹಿ ಪೊಂಗಲ್. ಸುರಭಿ ಗಬಗಬ ತಿನ್ನುತ್ತಿದ್ದಳು.

"ಯಾಕೆ ಇಷ್ಟು ಹಸಿವು? ನಿನ್ನೆ ಏನು ಹಾಕಿದ್ರಿ?" ಎಂದು ಕೇಳಿದರು ಅನಸೂಯ.

"ನಿನ್ನೆ ಏಕಾದಶಿ ಅಲ್ವೇ ಡಾಕ್ಟ್ರಮ್ಮಾ?" ಮಧ್ವರಾಜರು ಹೆಮ್ಮೆಯಿಂದ ಹೇಳಿದರು. "ನಮ್ಮನೇಲಿ ಎಲ್ಲರಿಗೂ ಉಪವಾಸ. ಸುರಭಿಗೂ ಸುಮ್ಮಾ ನೀರು, ಎರಡು ಹಿಡಿ ಹುಲ್ಲು, ಅಷ್ಟೇ."

ಅನಸೂಯ ಅವರಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಸಾರ್, ಪುಣ್ಯ ನಿಮಗೆ, ಹೊಟ್ಟೆನೋವು ಅವಳಿಗೆ! ಮೊದಲು ಆ ತಟ್ಟೆಗಳನ್ನ ತೆಗೆಸಿ. ಒಂದು ದಿನ ಉಪವಾಸ ಕೆಡವಿ, ಮಾರನೇ ದಿನ ಅನ್ನ ಸುರಿದ್ರೆ ಹಸುವಿನ ಹೊಟ್ಟೆಯೊಳಗೆ ಹುಳಿಯಾಗುತ್ತೆ. ಮೇವು ಜೀರ್ಣ ಮಾಡೋ ಸೂಕ್ಷ್ಮಜೀವಿಗಳು ಸಾಯ್ತವೆ. ಮೆಲುಕು ಹಾಕೋದು ನಿಲ್ಲುತ್ತೆ, ಹಾಲು ಇಳಿಯುತ್ತೆ. ಜಾಸ್ತಿಯಾದ್ರೆ ಜೀವಕ್ಕೇ ಅಪಾಯ."

"ತಾತನ ಕಾಲದಿಂದ ಗೋಗ್ರಾಸ ಕೊಡ್ತಾ ಇದೀವಮ್ಮಾ!" ಎಂದರು ಮಧ್ವರಾಜರು.

"ಕೊಡಿ, ಬೇಡ ಅನ್ನಲ್ಲ. ಗ್ರಾಸ ಅಂದ್ರೆ ಒಂದು ತುತ್ತು ತಾನೇ? ಬೀದಿಗೆ ಬೀದಿಯೇ ತಟ್ಟೆ ತಂದ್ರೆ ಅವಳು ಎಲ್ಲಿಗೆ ಹೋಗಬೇಕು?"

ಆಮೇಲೆ ಗರ್ಭಧಾರಣೆಯ ಮಾತು ಬಂತು. ಹಸು ಬೆದೆಗೆ ಬಂದದ್ದು ಯಾವಾಗ, ಮಾಡಿಸಿದ್ದು ಯಾವಾಗ ಎಂದು ಅನಸೂಯ ಕೇಳಿದರು.

ತುಂಗಮ್ಮ ಗಂಡನತ್ತ ಒಮ್ಮೆ ನೋಡಿದರು. "ಮಂಗಳವಾರ ಬೆಳಿಗ್ಗೆ ಕೂಗಾಡಿದಳು, ಲೋಳೆ ಹಾಕಿದಳು. ಇವರು ಪಂಚಾಂಗ ನೋಡಿ, ಮಂಗಳವಾರ ಬೇಡ, ಗುರುವಾರ ಮುಹೂರ್ತ ಚೆನ್ನಾಗಿದೆ ಅಂದ್ರು. ಹೋದ ಸಲಾನೂ ಹೀಗೇ ಆಯ್ತು."

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತು! ಗುರುವಾರಕ್ಕೆ ಬೆದೆ ಮುಗಿದೇ ಹೋಗಿರುತ್ತೆ. ಬೆಳಿಗ್ಗೆ ಬೆದೆ ಕಂಡ್ರೆ ಅದೇ ಸಂಜೆ ಮಾಡಿಸಿ. ಸಂಜೆ ಕಂಡ್ರೆ ಮಾರನೇ ಬೆಳಿಗ್ಗೆ. ಸುರಭಿ ಗೊಡ್ಡಲ್ಲ ಸಾರ್, ನೀವು ತಡ ಮಾಡಿದ್ರಿ."

ಮಧ್ವರಾಜರ ಮುಖ ಸಣ್ಣದಾಯಿತು. "ಆಮಾ, ಹೌದು, ಅದಾದ್ರೂ ಸರಿ. ಆದ್ರೆ ಏಕಾದಶಿ ಬಿಡೋಕಾಗುತ್ತಾ?"

ಈಗ ತುಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ರೀ, ನಮ್ಮ ಸುಮೇಧಾ ಬಸುರಿಯಾಗಿ ತೌರಿಗೆ ಬಂದಿದ್ದಾಗ, 'ನೀನು ಉಪವಾಸ ಮಾಡಬೇಡ ಮಗಳೇ' ಅಂತ ಹಣ್ಣು-ಹಾಲು ತಂದುಕೊಟ್ಟೋರು ಯಾರು? ಹಾಲು ಕೊಡೋ ಈ ಮೂಕಪ್ರಾಣಿಗೆ ಆ ರಿಯಾಯಿತಿ ಇಲ್ವಾ?"

ಮಧ್ವರಾಜರು ಜೋರಾಗಿ ನಕ್ಕುಬಿಟ್ಟರು. "ಸೋತೆ ಕಣೇ! ಏನು ಹಾಕಬೇಕು ಹೇಳಿ ಡಾಕ್ಟ್ರಮ್ಮಾ."

ಅಂದಿನಿಂದ ಸುರಭಿಗೆ ದಿನವೂ ಹೊತ್ತಿಗೆ ಸರಿಯಾಗಿ ಹಸಿಮೇವು, ಒಣಹುಲ್ಲು, ಹಾಲಿಗೆ ತಕ್ಕಷ್ಟು ಹಿಂಡಿ-ಬೂಸಾ, ಖನಿಜ ಮಿಶ್ರಣ, ಬೇಕಾದಷ್ಟು ನೀರು. ಹೊಸ ಮೇವನ್ನು ಒಮ್ಮೆಲೇ ಹಾಕದೆ ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿದರು. ತಿಂಗಳೊಳಗೆ ಹಾಲು ಏರಿತು, ಮೈ ಮಿರಿಮಿರಿ ಮಿಂಚಿತು.

ಒಂದು ಭಾನುವಾರ ಸಂಜೆ ಸುರಭಿ ಬೆದೆಗೆ ಬಂದಳು. ಅನಸೂಯ ಸೋಮವಾರ ಬೆಳಿಗ್ಗೆ ಎಂಟಕ್ಕೇ ಬಂದರು. ಹೆಚ್ಚು ಹಾಲಿನ ವಂಶದ ಹೋರಿಯ ವೀರ್ಯ ತಂದಿದ್ದರು. ಆದರೆ ಆ ಹೊತ್ತು ಸರಿಯಾಗಿ ರಾಹುಕಾಲ! ಮಧ್ವರಾಜರು ಗಡಿಯಾರ ನೋಡಿದರು, ಹೆಂಡತಿಯನ್ನು ನೋಡಿದರು. ಕೊನೆಗೆ "ಹರಿ ಸರ್ವೋತ್ತಮ" ಎಂದು ತಾವೇ ಹೋಗಿ ಹಗ್ಗ ಹಿಡಿದುಕೊಂಡರು.

ಮೂರು ತಿಂಗಳ ಮೇಲೆ ಅನಸೂಯ ಪರೀಕ್ಷೆ ಮಾಡಿ, "ಗಬ್ಬ ನಿಂತಿದೆ ತುಂಗಮ್ಮಾ!" ಎಂದರು. ತುಂಗಮ್ಮ ಸುರಭಿಯ ಕೊರಳು ತಬ್ಬಿ ಸಂತೋಷಕ್ಕೆ ಅತ್ತೇಬಿಟ್ಟರು. ಸುದ್ದಿ ಕೇಳಿದ ಬೀದಿಯವರು ಪಾಯಸದ ಪಾತ್ರೆ ಹೊತ್ತು ಓಡಿಬಂದರು. ಮಧ್ವರಾಜರು ಬಾಗಿಲಿಗೆ ಅಡ್ಡ ನಿಂತರು. "ಪಾಯಸ ಈ ಕಡೆ ಕೊಡಿ, ನಾವು ತಿಂತೀವಿ. ಅಮ್ಮಾವ್ರಿಗೆ ಹಸಿಹುಲ್ಲು ತನ್ನಿ! ಇನ್ನು ಗೋಶಾಲೆ ಮಾತು ಯಾರಾದ್ರೂ ಎತ್ತಿದ್ರೆ ನೋಡಿ" ಎಂದು ಗದರಿದರು. ಆ ಮಾತು ಮೊದಲು ಎತ್ತಿದವರು ಯಾರೆಂದು ನೆನೆದು ತುಂಗಮ್ಮ ಸೆರಗಿನ ಮರೆಯಲ್ಲಿ ನಕ್ಕರು.

ಹಸು ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಹಾಲು ಇಳಿಯಿತೆಂದು, ಗಬ್ಬ ನಿಲ್ಲಲಿಲ್ಲವೆಂದು ಹಸುವನ್ನು ದೂರಬೇಡಿ. ತಿನ್ನಿಸುವುದರಲ್ಲಿ ಏನು ತಪ್ಪಾಗುತ್ತಿದೆ, ಬೆದೆಯ ಹೊತ್ತು ತಪ್ಪುತ್ತಿದೆಯೇ ಎಂದು ಮೊದಲು ನೋಡಿ. ಹಬ್ಬದ ಊಟ ಹಸುವಿನ ಮುಂದೆ ಸುರಿಯಬೇಡಿ. ಇಂದೇ ನಿಮ್ಮ ಪಶುವೈದ್ಯರನ್ನು ಕೇಳಿ. ವ್ರತ ನಿಮ್ಮದು, ನೀವು ಮಾಡಿ. ಹಸುವಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಮೇವು ಹಾಕಿ.