ಗೀಟಿನ ಮೊಟ್ಟೆ, ಸೊನ್ನೆಯ ಮೊಟ್ಟೆ

ಉಗ್ರಾಣದ ಕಿಟಕಿಗೆ ಗೋಣಿಚೀಲ ತೂಗುಹಾಕಿ ಕತ್ತಲೆ ಮಾಡಿಕೊಂಡು, ಸೊಸೆ ಟಾರ್ಚಿನ ಬಾಯಿಗೆ ಒಂದೊಂದೇ ಮೊಟ್ಟೆ ಹಿಡಿದು ನೋಡುತ್ತಿದ್ದಳು. ಮರಿ ಮಾಡುವ ಪೆಟ್ಟಿಗೆಯಲ್ಲಿ ಮೊಟ್ಟೆ ಇಟ್ಟು ಅಂದಿಗೆ ಏಳು ದಿನ. ಜೀವ ಹಿಡಿದ ಮೊಟ್ಟೆಯಾದರೆ ಬೆಳಕಿಗೆ ಕೆಂಪು ನರಗಳು, ನಡುವೆ ಒಂದು ಕಪ್ಪು ಚುಕ್ಕೆ ಕಾಣಬೇಕು. ಐವತ್ತು ಮೊಟ್ಟೆ ನೋಡಿದಳು. ಐವತ್ತರಲ್ಲೂ ಬರೀ ಹಳದಿ ಬೆಳಕು, ಒಳಗೆ ಏನೂ ಇಲ್ಲ.

"ಇದೂ ಹೋಯ್ತಾ?" ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಹೋಗದೆ ಇನ್ನೇನು. ಹೋದ ಸಲ ಐದೇ ಮರಿ, ಈ ಸಲ ಅದೂ ಇಲ್ಲ. ಎಲ್ಲಾ ಇಟ್ಟೋರ ಕೈಗುಣ. ತನ್ನ ಮಡಿಲೇ ತುಂಬದವಳು ಮುಟ್ಟಿದ್ರೆ ಮೊಟ್ಟೆ ತಾನೇ ಹೇಗೆ ತುಂಬುತ್ತೆ?"

ಕೈಗುಣ ಕೆಟ್ಟದ್ದಂತೆ. ಆದರೆ ದಿನಕ್ಕೆ ಮೂರು ಸಲ ಮೊಟ್ಟೆ ತಿರುಗಿಸಲು, ಪೆಟ್ಟಿಗೆಯ ಶಾಖ ಕಾಯಲು, ಬಲ್ಬಿನ ಕೆಳಗೆ ಗುಂಪುಗೂಡಿದ ಮರಿಗಳಿಗೆ ಹೊಸ ಹೊಟ್ಟು ಹಾಸಲು ಮಾತ್ರ ಅದೇ ಕೈ ಬೇಕು. ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಉರಿದರೂ ನುಂಗಿಕೊಂಡಳು. ನುಂಗುವುದು ಮದುವೆಯಾದ ಏಳು ವರ್ಷದಿಂದ ಅಭ್ಯಾಸವಾಗಿತ್ತು.

ಅತ್ತೆಯ ಮಾತು ಮುಗಿದಿರಲಿಲ್ಲ. "ಬರೋ ತಿಂಗಳು ಕೊನೇ ಭಾನುವಾರ ಇವನಿಗೆ ಹೆಣ್ಣು ನೋಡೋಕೆ ಬರ್ತೀವಿ ಅಂತ ಹೇಳಿ ಕಳ್ಸಿದ್ದೀನಿ. ನಿನ್ನನ್ನೇನು ಆಚೆ ಹಾಕಲ್ಲ. ನೀನೂ ಇರು, ಕೋಳಿ ನೋಡ್ಕೊಂಡು."

ಗಂಡ ಹಿಂದೆಯೇ ನಿಂತಿದ್ದ. ಸೊಸೆ ಅವನ ಮುಖ ನೋಡಿದಳು. ಅವನು ಗೋಡೆ ನೋಡಿದ.

ಆ ಗೋಡೆಯ ಗಡಿಯಾರದ ಹಿಂದೆ ಒಂದು ಚೀಟಿ ಇತ್ತು. ಸೊಸೆಗೆ ಎಷ್ಟು ಸೂಜಿ, ಎಷ್ಟು ಮಾತ್ರೆ, ಎರಡು ಸಲ ಹೊಟ್ಟೆಗೆ ಕತ್ತರಿ. ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ, "ನಿಮ್ಮಲ್ಲಿ ಏನೂ ದೋಷ ಇಲ್ಲ, ಮುಂದಿನ ಪರೀಕ್ಷೆ ಯಜಮಾನರಿಗೆ" ಎಂದು ಬರೆದುಕೊಟ್ಟ ಚೀಟಿ. "ಗುಂಡುಕಲ್ಲಿನ ಹಾಗಿದ್ದೀನಿ, ನನಗೆಂಥ ಪರೀಕ್ಷೆ" ಎಂದು ಗಂಡ ಅದನ್ನು ಅಲ್ಲಿ ಸಿಕ್ಕಿಸಿ ನಾಲ್ಕು ತಿಂಗಳಾಗಿತ್ತು.

ಅವರಿಬ್ಬರೂ ಹೋದ ಮೇಲೆ ಸೊಸೆ ಅಂಗಳಕ್ಕೆ ಬಂದಳು. ಹನ್ನೆರಡು ಕೋಳಿಗಳ ನಡುವೆ ಪೈಲ್ವಾನ ಎದೆಯುಬ್ಬಿಸಿ ನಡೆಯುತ್ತಿತ್ತು. ಹೋದ ಸಲ ಮೊಟ್ಟೆ ಕೂಡಿಹಾಕುವಾಗಷ್ಟೇ ಹಳೆಯ ಹುಂಜದ ಬದಲಿಗೆ ಗಂಡ ಆರಿಸಿ ತಂದ ಹುಂಜ. ಕೆಂಪು ಜುಟ್ಟು, ಬೀದಿಗೆಲ್ಲ ಕೇಳುವ ಕೂಗು. ಅವಳು ಅಲ್ಲೇ ನಿಂತುಬಿಟ್ಟಳು. ಹನ್ನೆರಡರಲ್ಲಿ ಒಂದೋ ಎರಡೋ ಕೋಳಿ ಕೆಟ್ಟಿರಬಹುದು. ಹನ್ನೆರಡೂ ಒಟ್ಟಿಗೆ ಕೆಡುತ್ತವೆಯೇ?

ಅಂದೇ ಪಕ್ಕದ ಮನೆಯ ಟೈಲರಕ್ಕನ ಹತ್ತಿರ ಹೋದಳು. ಹೊಲಿಗೆ ಮಿಷನ್ ನಿಲ್ಲಿಸಿ ಟೈಲರಕ್ಕ ಎಂದಿನಂತೆ ಕೇಳಿದಳು: "ಏನು, ವಿಶೇಷ ಏನಾದ್ರೂ ಇದೆಯಾ?"

"ವಿಶೇಷ ಏನಿಲ್ಲ. ಒಂದು ತಿಂಗಳ ಮಟ್ಟಿಗೆ ನಿಮ್ಮ ಹುಂಜ ಬೇಕಿತ್ತು."

ಅದೊಂದು ಪೀಚಲು ಹುಂಜ. ಬಾಲದ ಅರ್ಧ ಗರಿಯನ್ನು ಬೆಕ್ಕು ಕಿತ್ತಿತ್ತು. ಸೊಸೆ ಆರು ಕೋಳಿಗಳನ್ನು ಹಿತ್ತಲ ಗೂಡಿಗೆ ಸಾಗಿಸಿ ಅದರ ಜೊತೆ ಬಿಟ್ಟಳು. ಉಳಿದ ಆರು ಪೈಲ್ವಾನನ ಜೊತೆಯೇ ಉಳಿದವು.

"ಪೈಲ್ವಾನ ಇರೋವಾಗ ಈ ಹಂಚಿಕಡ್ಡಿ ಯಾಕೆ?" ಎಂದು ಅತ್ತೆ ನಕ್ಕರು.

"ಇರ್ಲಿ ಬಿಡಿ ಅತ್ತೆ, ನೋಡೋಣ."

ಹಳೆಯ ಜೊತೆಯ ಪ್ರಭಾವ ಕಳೆಯಲಿ ಎಂದು ಹದಿನೈದು ದಿನ ಬಿಟ್ಟು ಮೊಟ್ಟೆ ಕೂಡಿಹಾಕತೊಡಗಿದಳು. ಪೈಲ್ವಾನನ ಗೂಡಿನ ಮೊಟ್ಟೆಗೆ ಪೆನ್ಸಿಲಿನಲ್ಲಿ ಗೀಟು, ಹಿತ್ತಲ ಗೂಡಿನದಕ್ಕೆ ಸೊನ್ನೆ. ಇಪ್ಪತ್ತೈದು ಗೀಟು, ಇಪ್ಪತ್ತೈದು ಸೊನ್ನೆ. ಒಂದೇ ದಿನ ಒಂದೇ ಪೆಟ್ಟಿಗೆಯಲ್ಲಿಟ್ಟಳು. ಎಲ್ಲವನ್ನೂ ಅತ್ತೆಯ ಕಣ್ಣೆದುರಿಗೇ, ತನ್ನ ಕೆಟ್ಟ ಕೈಯಿಂದಲೇ ಇಟ್ಟಳು.

ಏಳನೆಯ ದಿನ ಶುಕ್ರವಾರ ಬಂತು. ಒಳಗಿನ ಕೋಣೆಯಲ್ಲಿ ಗಂಡನ ಹೊಸ ಅಂಗಿ ಭಾನುವಾರಕ್ಕೆಂದು ಇಸ್ತ್ರಿಯಾಗಿ ನೇತಾಡುತ್ತಿತ್ತು. ಸೊಸೆ ಇಬ್ಬರನ್ನೂ ಉಗ್ರಾಣಕ್ಕೆ ಕರೆದು ಬಾಗಿಲು ಹಾಕಿದಳು. ಟಾರ್ಚನ್ನು ಗಂಡನ ಕೈಗೇ ಕೊಟ್ಟಳು.

"ನಾನು ಮುಟ್ಟಲ್ಲ. ನೀವೇ ನೋಡಿ."

ಗೀಟಿನ ಮೊಟ್ಟೆ ಹಿಡಿದ. ಖಾಲಿ. ಇನ್ನೊಂದು, ಮತ್ತೊಂದು. ಇಪ್ಪತ್ತೈದೂ ಖಾಲಿ. ಸೊನ್ನೆಯ ಮೊಟ್ಟೆ ಹಿಡಿದದ್ದೇ ತಡ, ಒಳಗೆ ಕೆಂಪು ನರಗಳ ಬಲೆ ಕಂಡಿತು. ನಡುವಿನ ಚುಕ್ಕೆ ಮೆಲ್ಲಗೆ ಮಿಸುಕುತ್ತಿತ್ತು. ಇಪ್ಪತ್ತೈದರಲ್ಲಿ ಇಪ್ಪತ್ತಮೂರು ಹಾಗೆಯೇ.

"ಅಯ್ಯೋ, ಹುಂಜದ್ದೇ ದೋಷ," ಎಂದರು ಅತ್ತೆ. "ಪಾಪ, ಕೋಳಿಗಳನ್ನ ಸುಮ್ನೆ..."

"ಹೇಳಿ ಅತ್ತೆ. ಸುಮ್ನೆ ಏನು?" ಸೊಸೆ ಅತ್ತೆಯ ಎದುರಿಗೆ ಬಂದು ನಿಂತಳು. "ಕೋಳಿ ಅವೇ, ಪೆಟ್ಟಿಗೆ ಅದೇ, ಇಟ್ಟ ಕೈಯೂ ಇದೇ. ಬದಲಾಗಿದ್ದು ಹುಂಜ ಒಂದೇ. ಕೋಳಿಗಳ ಮೇಲಿನ ಅಪವಾದ ಒಂದು ತಿಂಗಳಲ್ಲಿ ಹೋಯ್ತು. ನನಗೆ ಏಳು ವರ್ಷ ಸಾಲ್ಲಿಲ್ಲ. ಕೋಳಿಗಿರೋ ನ್ಯಾಯ ನನಗಿಲ್ವಾ?"

"ಎಲ್ಲಿಂದೆಲ್ಲಿಗೆ ತರ್ತೀಯಾ?" ಗಂಡ ಗದರಿದ. "ಮನುಷ್ಯರೂ ಕೋಳಿಯೂ ಒಂದೇನಾ?"

"ಕೈಗುಣ ಅಂದಾಗ ಒಂದೇ ಆಗಿತ್ತಲ್ಲ."

ಗಂಡ ದನಿ ತಗ್ಗಿಸಿ ಹೇಳಿದ: "ನಾಳೆ ನನ್ನದೇ ದೋಷ ಅಂತ ಬಂದ್ರೆ? ನಾಲ್ಕು ಜನರ ಮುಂದೆ ಹೇಗೆ ತಲೆ ಎತ್ಕೊಂಡು ಓಡಾಡ್ಲಿ?"

"ನಾನು ಓಡಾಡ್ತಿಲ್ವಾ? ದೋಷ ಇಲ್ಲ ಅಂತ ಡಾಕ್ಟರು ಬರೆದುಕೊಟ್ಟ ಮೇಲೂ ತಲೆ ತಗ್ಗಿಸ್ಕೊಂಡೇ ಓಡಾಡ್ತಿದ್ದೀನಿ."

ಗಂಡ ಟಾರ್ಚು ಬಿಸಾಕಿ ಬಾಗಿಲು ತೆರೆದ. "ಆ ಹಾಳು ಪೈಲ್ವಾನನ್ನ ಈಗ್ಲೇ ಕೊಯ್ದು ಹಾಕ್ತೀನಿ."

ಸೊಸೆ ಅಡ್ಡ ನಿಂತಳು. "ಕೊಯ್ಯಿ ಅಂತ ನಾನು ಹೇಳಿಲ್ಲ. ಅದೇನು ಬೇಕು ಅಂತ ಮಾಡಿದ್ದಾ? ತಿನ್ಕೊಂಡು, ಕೂಗ್ಕೊಂಡು ಅದರ ಪಾಡಿಗೆ ಇರ್ಲಿ. ದೋಷ ಇದ್ದೋರನ್ನ ಮೂಲೆಗೆ ಹಾಕೋ ಬುದ್ಧಿ ಈ ಮನೇಲಿ ನನಗಂತೂ ಇಲ್ಲ, ರೀ. ನಾನು ಕೇಳೋದು ಪರೀಕ್ಷೆ ಮಾಡ್ಸ್ಕೊಳ್ಳಿ ಅಂತ, ಅಷ್ಟೆ."

ಗಂಡ ಹೊಸ್ತಿಲ ಮೇಲೇ ಕುಳಿತ. ಅತ್ತೆ ಒಂದು ಸೊನ್ನೆಯ ಮೊಟ್ಟೆಯನ್ನು ಅಂಗೈಗೆ ಎತ್ತಿಕೊಂಡು ಅದರ ಮೇಲಿನ ಗುರುತನ್ನು ಹೆಬ್ಬೆರಳಿಂದ ಸವರಿದರು. ಆಮೇಲೆ ಅದನ್ನು ಜೋಪಾನವಾಗಿ ಪೆಟ್ಟಿಗೆಗೆ ಸೇರಿಸಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಗಂಡ ಸ್ನಾನ ಮುಗಿಸಿ ಬಂದಾಗ, ಭಾನುವಾರದ ಅಂಗಿ ಮಂಚದ ಮೇಲಿತ್ತು. ಅದರ ಜೇಬಿನಲ್ಲಿ ಗಡಿಯಾರದ ಹಿಂದಿನ ಚೀಟಿ ಇತ್ತು.

"ಹಾಕ್ಕೊಂಡು ಹೊರಡು. ಆ ಭಾನುವಾರದವರಿಗೆ ಬರಲ್ಲ ಅಂತ ಹೇಳಿ ಕಳ್ಸಿದ್ದಾಯ್ತು," ಎಂದರು ಅತ್ತೆ ಮಗನಿಗೆ. ಸೊಸೆಯ ಕಡೆ ನೋಡಲು ಅವರಿಗೆ ಮುಖವಿರಲಿಲ್ಲ. ಗೋಡೆಗೆ ಹೇಳುವಂತೆ ಹೇಳಿದರು: "ನೀನೂ ಜೊತೆಗೆ ಹೋಗು. ಮಧ್ಯಾಹ್ನ ಮೊಟ್ಟೆ ನಾನು ತಿರುಗಿಸ್ತೀನಿ."

ಏಳು ವರ್ಷದ ಸಿಟ್ಟು ಒಂದು ಅಂಗಿಗೆ ಇಳಿಯುವಂಥದ್ದಲ್ಲ. ಸೊಸೆ ಚಪ್ಪಲಿ ಮೆಟ್ಟಿ ಮುಂದೆ ನಡೆದಳು. ಜೇಬಿನ ಮೇಲೆ ಕೈಯಿಟ್ಟುಕೊಂಡು ಗಂಡ ಹಿಂದೆ ಬಂದ.

ಪಕ್ಕದ ಮನೆಯ ಕಿಟಕಿಯಲ್ಲಿ ಹೊಲಿಗೆ ಮಿಷನ್ ನಿಂತಿತು. ಗೇಟಿನ ಬಳಿ ನಿಂತಿದ್ದ ಅತ್ತೆಯನ್ನು ಟೈಲರಕ್ಕ ಕೇಳಿದಳು: "ಏನಮ್ಮಾ, ಸೊಸೇನ ಮತ್ತೆ ಡಾಕ್ಟರ ಹತ್ರ ಕಳಿಸ್ತಿದ್ದೀರಾ?"

ಸೊಸೆಯ ಹೆಜ್ಜೆ ತಡೆಯಿತು. ಗಂಡ ನೆಲ ನೋಡಿದ. ಬೀದಿಯಲ್ಲಿ ಹಾಲಿನವನಿದ್ದ, ನಲ್ಲಿಯ ಬಳಿ ನಾಲ್ಕು ಹೆಂಗಸರಿದ್ದರು.

"ಅವಳಿಗೇನಾಗಿದೆ? ಅವಳು ಚೆನ್ನಾಗೇ ಇದ್ದಾಳೆ," ಎಂದರು ಅತ್ತೆ, ನಲ್ಲಿಯವರೆಗೂ ಕೇಳುವಂತೆ. "ಇವತ್ತು ತೋರಿಸೋದು ನನ್ನ ಮಗನ್ನ."