ಆಯುಧ ಪೂಜೆಯ ದಿನದ ರದ್ದುಪಟ್ಟಿ

ಆಸ್ಪತ್ರೆಗಳ ಕಾರ್ಡು-ಬೀಗ ನೋಡಿಕೊಳ್ಳುವ ರಾಜಾಜಿನಗರದ ಸಣ್ಣ ಆಫೀಸಿನಲ್ಲಿ ಮಾಲೀಕ ರೇವಣಸಿದ್ದಪ್ಪನವರು ಬೆಳಿಗ್ಗೆಯೇ ಕಂಪ್ಯೂಟರುಗಳಿಗೆಲ್ಲ ಪೂಜೆ ಮಾಡಿ, ಬೂದುಗುಂಬಳ ಒಡೆದು, "ನಾಳೆವರೆಗೂ ಯಾರೂ ಏನೂ ಮುಟ್ಬಾರ್ದು" ಎಂದು ಅಪ್ಪಣೆ ಕೊಟ್ಟು ಮನೆಗೆ ಹೋಗಿದ್ದರು. ಮೊಬೈಲ್ ಚಾರ್ಜರ್ ಮರೆತಿದ್ದ ಆಫೀಸಿನ ಹುಡುಗಿ ರಮ್ಯಶ್ರೀ ಮಧ್ಯಾಹ್ನ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಆಫೀಸಿನ ಫೋನು ಹೊಡೆದುಕೊಂಡಿತು.

"ಮೇಡಂ, ಕೆಂಗೇರಿ ಆಸ್ಪತ್ರೆಯಿಂದ ನರ್ಸ್ ಕವನಾ. ಐಸಿಯು ಔಷಧಿ ಕಬೋರ್ಡ್ ಯಾರ ಕಾರ್ಡ್ ತೋರ್ಸಿದ್ರೂ ತೆಗೀತಾ ಇಲ್ಲ. ಪೇಷೆಂಟ್ ಬಿ.ಪಿ. ಇಳೀತಾ ಇದೆ, ಇಂಜೆಕ್ಷನ್ ಒಳಗಿದೆ!"

"ಬೀಗದ ಕೈ ಇರತ್ತಲ್ಲಾ?"

"ಸೂಪರಿಂಟೆಂಡೆಂಟ್ ಹತ್ರ. ಹಬ್ಬಕ್ಕೆ ಊರಿಗೆ ಹೋಗಿದಾರೆ. ಬೀಗ ಒಡೆಯೋರನ್ನ ಕರ್ಸಿದೀವಿ, ಬರ್ಬೇಕಲ್ಲ!"

ಆ ಕಬೋರ್ಡು ಮಹಾ ಅನುಮಾನದ ಪ್ರಾಣಿ. ಯಾರ ಯಾರ ಕಾರ್ಡು ರದ್ದಾಗಿದೆ ಎಂಬ ಪಟ್ಟಿಗೆ ಇವಳ ಆಫೀಸು ಪ್ರತಿ ವಾರ ಕಂಪ್ಯೂಟರಿನಲ್ಲೇ ಹೊಸದಾಗಿ ಸಹಿ ಹಾಕಿ ಕಳಿಸಬೇಕು. ಪಟ್ಟಿಯ ಅವಧಿ ಮುಗಿದರೆ ಅದಕ್ಕೆ ಎಲ್ಲರೂ ಕಳ್ಳರೇ. ಸಹಿ ಹಾಕುವವರು ರೇವಣಸಿದ್ದಪ್ಪನವರು, ಅವರಿಲ್ಲದಾಗ ಇವಳು. ಆಫೀಸಿನ ಫೋನನ್ನು ಸ್ಪೀಕರಿಗೆ ಹಾಕಿ, ಮೊಬೈಲಿನಿಂದ ಅವರಿಗೆ ಕರೆ ಮಾಡಿದಳು; ಎತ್ತಲಿಲ್ಲ.

ಸಹಿಯ ಲ್ಯಾಪ್‌ಟಾಪು, ಸಹಿಗಾಗಿ ಅದಕ್ಕೆ ತೂರಿಸುವ ಚಿಪ್ ಕಾರ್ಡು ಎರಡೂ ದೇವರ ಪಟದ ಮುಂದೆ ಚೆಂಡುಹೂವಿನ ಹಾರದಡಿ ಕೂತಿದ್ದವು. ಪೂಜೆಗಿಟ್ಟಿದ್ದನ್ನು ಕದಲಿಸಬಾರದೆಂದು ಹೇರೋಹಳ್ಳಿಯ ಅಜ್ಜಿ ಪಾಪಮ್ಮ ಚಿಕ್ಕಂದಿನಿಂದ ತಲೆಗೆ ತುಂಬಿದ್ದರು. ರಮ್ಯಶ್ರೀಗೆ ನಿಜಕ್ಕೂ ಭಯವಾಯಿತು. ಕೈಮುಗಿದು, ಹಾರ ಎತ್ತಿದಳು.

ಕಪ್ಪು ಪರದೆಯಲ್ಲಿ ಕಮಾಂಡ್ ಕೊಟ್ಟು ನೋಡಿದಳು. ಪಟ್ಟಿಯ ಅವಧಿ ಮುಗಿದದ್ದು ನಿಜ. ಅವಸರದಲ್ಲಿ ನೋಡದೆಯೇ ಕಾರ್ಡು ತೂರಿಸಿ ಹೊಸದಕ್ಕೆ ಕಮಾಂಡ್ ಕೊಟ್ಟರೆ ಕಾರ್ಡೇ ಇಲ್ಲವೆಂದಿತು. ಹೊರಗೆಳೆದು ನೋಡಿದಳು. ರೇವಣಸಿದ್ದಪ್ಪನವರು ಕಾರ್ಡಿನ ಬಂಗಾರದ ಬಣ್ಣದ ಚಿಪ್ ಇರುವ ಜಾಗವನ್ನೇ ಹಣೆಯೆಂದುಕೊಂಡು ವಿಭೂತಿ ಬಳಿದು, ಗಂಧವಿಟ್ಟು, ಕುಂಕುಮ ಒತ್ತಿದ್ದರು. ಗಂಧ ಒಣಗಿ ಗಟ್ಟಿಯಾಗಿತ್ತು.

"ಅಯ್ಯೋ ಸಾರ್, ಇದಕ್ಕೂ ಹಣೆ ಹುಡುಕಿದ್ರಾ!"

ಸ್ಯಾನಿಟೈಸರ್ ಸುರಿದು ದುಪಟ್ಟಾದಿಂದ ತಿಕ್ಕಿದಳು. ಮತ್ತೆ ಇಲ್ಲವೆಂದಿತು. "ಬೇಗ ಮೇಡಂ" ಎಂದು ಕವನಾ ಅಳುವ ದನಿಯಲ್ಲಿ ಕೂಗುತ್ತಿದ್ದಳು. ಉಗುರಿನಿಂದ ಕೆರೆದಳು. ಈ ಸಲ ಪಿನ್ ಕೇಳಿತು. ಗಡಿಬಿಡಿಯಲ್ಲಿ ತಪ್ಪೊತ್ತಿದಳು. ಮೂರು ಸಲ ತಪ್ಪಿದರೆ ಕಾರ್ಡಿನ ಕಥೆ ಮುಗಿಯಿತು. ಒಂದೊಂದೇ ಅಂಕಿ ನೋಡಿ ನೋಡಿ ಒತ್ತಿದಳು. ಸಹಿ ಬಿತ್ತು. ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಆಸ್ಪತ್ರೆಗೆ ಕಳಿಸುವ ಸರ್ವರಿಗೆ ಹಾಕಿದಳು.

"ಈಗ ತೋರ್ಸಿ ಕಾರ್ಡು."

"ತೆಗೀತು!" ಎಂದವಳೇ ಕವನಾ ಓಡಿದಳು. ಬಹಳ ಹೊತ್ತಿನ ಮೇಲೆ ಫೋನಿಗೆ ಬಂದು, "ಬಿ.ಪಿ. ಏರ್ತಾ ಇದೆ ಮೇಡಂ" ಎಂದಳು. ರಮ್ಯಶ್ರೀ ನೆಲದ ಮೇಲೆ ಕೂತು ಅತ್ತುಬಿಟ್ಟಳು.

ಆಮೇಲೆ ರೇವಣಸಿದ್ದಪ್ಪನವರ ಫೋನು ಬಂತು. "ಪೂಜೆ ಏನೂ ಕದಲ್ಸಿಲ್ಲ ತಾನೇ?"

"ಕದಲ್ಸಿದೀನಿ ಸಾರ್. ನೀವು ಪಟ್ಟಿಗೆ ಸಹಿ ಮಾಡೋದು ಮರ್ತಿದ್ರಿ." ನಡೆದದ್ದನ್ನೆಲ್ಲ ಹೇಳಿದಳು.

"ಮನೆಗೆ ಬಂದ್ಮೇಲೆ ನೆನಪಾಯ್ತಮ್ಮ. ಪೂಜೆ ಕದಲ್ಸೋಕೆ ಮನಸ್ಸು ಬರ್ಲಿಲ್ಲ. ನಾಳೆ ಮಾಡಿದ್ರಾಯ್ತು ಅಂದ್ಕೊಂಡೆ."

ಪೂಜೆ ಕದಲಿಸಿದ್ದಕ್ಕೆ ಕ್ಷಮೆ ಕೇಳಬೇಕೆಂದಿದ್ದ ರಮ್ಯಶ್ರೀಗೆ ಮೈಯೆಲ್ಲ ಉರಿಯಿತು.

"ನಾಳೆ ಹೊತ್ಗೆ ಆ ಪೇಷೆಂಟ್ ಇರ್ತಿರ್ಲಿಲ್ಲ ಸಾರ್."

ಅವರು ಇಡುವವರೆಗೂ ಕಾಯದೆ ಅವಳೇ ಫೋನಿಟ್ಟಳು. ಹಾಗೆ ಮಾಡಿದ್ದು ಅದೇ ಮೊದಲು.