ಅಂಚಿನ ಚುಕ್ಕೆಗಳು

"ಕೊಡು ಇಲ್ಲಿ," ಎಂದು ಮಗಳು ಅಣ್ಣನ ಕೈಯಿಂದ ಆಲ್ಬಮ್ ಕಿತ್ತುಕೊಂಡಳು.

ಅಮ್ಮನ ದೇಹ ಇನ್ನೂ ನಡುಮನೆಯಲ್ಲೇ ಇತ್ತು. ಕೊಂಡೊಯ್ಯುವ ವ್ಯಾನು ಬಾಗಿಲಿಗೆ ಬಂದು ಅರ್ಧ ಗಂಟೆಯಾಗಿತ್ತು. ಅಣ್ಣನಿಗೆ ಅದರ ಪರಿವೆಯೇ ಇಲ್ಲ. ಬಂದವರಿಗೆಲ್ಲ ಆಲ್ಬಮ್ಮಿನ ಒಂದೇ ಪುಟ ತೋರಿಸುತ್ತಿದ್ದ. ನೆರಿಗೆ ತುಂಬಿದ ಉಡುಗೆಯ, ಹಳೆಯ ಕಾಲದ ರಾಣಿಯೊಬ್ಬಳ ಪೆನ್ಸಿಲ್ ಚಿತ್ರ. ಮೂಲೆಯಲ್ಲಿ ಅಪ್ಪನ ಸಹಿ.

"ಡ್ರಾಯಿಂಗ್ ಮೇಷ್ಟ್ರ ಕೈ ಅಂದ್ರೆ ಸುಮ್ನೇನಾ," ಎಂದರು ಪಕ್ಕದ ಮನೆಯವರು. "ಹೆಂಡ್ತೀನೇ ರಾಣಿ ಮಾಡಿ ಕೂರಿಸಿದಾರೆ."

ಕುರ್ಚಿಯಲ್ಲಿದ್ದ ಅಪ್ಪ ಹೌದೆಂಬಂತೆ ತಲೆಯಾಡಿಸಿದರು. ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಸತ್ತ ದಿನವಾದರೂ ಅಮ್ಮನದನ್ನು ಅಮ್ಮನಿಗೆ ಬಿಡಬಾರದೆ?

*

ಆ ಚಿತ್ರ ಮೂಡಿದಾಗ ಮಗಳಿಗೆ ಹತ್ತು ವರ್ಷ. ಅಮ್ಮ ನಾಟಕ ಕಂಪನಿಯಲ್ಲಿ ಉಡುಗೆ ಹೊಲಿಯುತ್ತಿದ್ದಳು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಳ್ಳಬೇಕು ಅವಳಿಗೆ. ಕೆಳಗಿನ ಅಂಚಿನಿಂದ ಶುರು, ಕೊನೆಗೆ ಮುಖ. ಆ ರಾಣಿಗೆ ತನ್ನದೇ ಮುಖ ಬರೆದು ಮುಗಿಸಿದ ಸಂಜೆ ಅಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ತಮ್ಮ ಸಹಿ ಹಾಕಿದರು.

"ಪ್ರದರ್ಶನಕ್ಕೆ ಕಳಿಸ್ತೀನಿ. ಹೊಲಿಗೆಯವಳ ಹೆಸರಿದ್ರೆ ಯಾರು ನೋಡ್ತಾರೆ?"

ಬಹುಮಾನವೂ ಬಂತು. ಅಮ್ಮ ಹಲ್ಲಿನಲ್ಲಿ ದಾರ ಕಡಿದು ಸೂಜಿಗೆ ಪೋಣಿಸಿದಳು. ಆಮೇಲೆ ಎಷ್ಟೋ ಉಡುಗೆಗಳನ್ನು ಬರೆದಳು. ಎಲ್ಲವೂ ಕೊರಳಿಗೇ ನಿಂತವು. ಮುಖ ಮಾತ್ರ ಮತ್ತೆ ಬರೆಯಲೇ ಇಲ್ಲ.

*

ಮಗಳು ಆಲ್ಬಮ್ಮನ್ನು ಅಪ್ಪನ ತೊಡೆಯ ಮೇಲೆ ತೆರೆದಿಟ್ಟಳು. "ಅಪ್ಪಾ, ಉಡುಗೆಯ ಅಂಚಿನುದ್ದಕ್ಕೂ ಈ ಚುಕ್ಕೆ ಯಾಕೆ?"

ಅಪ್ಪ ಕನ್ನಡಕ ಸರಿಮಾಡಿಕೊಂಡರು. "ಅದು... ನೆರಳು ಕಣಮ್ಮ."

ಅಮ್ಮನ ಜೊತೆ ಮೂವತ್ತು ವರ್ಷ ದುಡಿದ ನಾಟಕ ಕಂಪನಿಯ ದರ್ಜಿ, ಗೋಡೆಗೊರಗಿ ನಿಂತಿದ್ದವರು, ಬಂದು ಬಗ್ಗಿ ನೋಡಿದರು.

"ನೆರಳಲ್ಲ ಮೇಷ್ಟ್ರೇ, ಹೊಲಿಗೆ ಗೆರೆ. ಕೆಳಗಿರೋದು ಒಳಗೆ ಮಡಚೋ ಬಟ್ಟೆ. ಅಕ್ಕ ಯಾವಾಗ್ಲೂ ಹಿಂಗೇ ಗುರುತು ಹಾಕ್ತಿದ್ರು."

ಪಕ್ಕದ ಮನೆಯವರು ಬಾಗಿಲ ಕಡೆ ನೋಡಿದರು.

"ಇವತ್ತು ಬೇಡ ಕಣೇ," ಎಂದ ಅಣ್ಣ ಮೆಲ್ಲಗೆ.

"ಇವತ್ತಲ್ಲದೆ ಇನ್ಯಾವತ್ತು? ನಾಳೆ ಇರ್ತಾಳಾ ಅಮ್ಮ?"

ಅಮ್ಮನ ಹೊಲಿಗೆ ಡಬ್ಬಿಯಿಂದ ರಬ್ಬರ್ ತಂದವಳೇ, ಅಪ್ಪನ ಎದುರು ಮಂಡಿಯೂರಿ, ಹಲ್ಲುಕಚ್ಚಿ ಆ ಸಹಿಯನ್ನು ಉಜ್ಜಿದಳು. ಹಾಳೆಯನ್ನು ಬಿಡಿಸಿ ಒಯ್ದು ಅಮ್ಮನ ಕೈಗಳ ಕೆಳಗಿಟ್ಟಳು.

ವ್ಯಾನು ಹೊರಡುವಾಗಲೂ ಅಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ಇಸ್ತ್ರಿ ಮಾಡಿದ ಅವರ ಪ್ಯಾಂಟಿನ ಮೇಲೆ ರಬ್ಬರಿನ ಕಪ್ಪು ಪುಡಿ ಬಿದ್ದಿತ್ತು. ಅವರು ಅದನ್ನು ಕೊಡವಿಕೊಳ್ಳದೆ ಕೂತಿದ್ದರು.